ಹಾಲು ಉಕ್ಕಿಸಿದ ವಿಳಾಸ

ನಾನು ಓಡಿಸುತ್ತಿದ್ದ ಬಸ್ಸು ದಿನಕ್ಕೆ ಹತ್ತು ಸಲ ಒಂದು ಗಡಿ ದಾಟುತ್ತಿತ್ತು. ಗಡಿ ಎಂದರೆ ಬೇಲಿಯಿಲ್ಲ, ಗೇಟಿಲ್ಲ. ಬರ್ಮಿಂಗ್‌ಹ್ಯಾಮಿನ ಅಂಚಿನಲ್ಲಿ ಒಂದು ಪೆಟ್ರೋಲ್ ಬಂಕು, ಅದರ ಪಕ್ಕಕ್ಕೆ ಒಂದು ಹೂವಿನಂಗಡಿ. ಬಂಕು ನಮ್ಮ ಕೌನ್ಸಿಲಿಗೆ, ಎಂದರೆ ನಗರಸಭೆಗೆ, ಸೇರಿದ್ದು, ಹೂವಿನಂಗಡಿ ಪಕ್ಕದ ಕೌನ್ಸಿಲಿಗೆ. ಅಲ್ಲಿಂದ ಮುಂದೆ ಮನೆಗಳ ಎದುರಿನ ಕಸದ ಡಬ್ಬಿಗಳ ಬಣ್ಣ ಬೇರೆ, ರಸ್ತೆಯ ಹೆಸರು ಬರೆದ ಫಲಕದ ಅಕ್ಷರ ಬೇರೆ, ಟಾರಿನ ಮೇಲೆ ಚಕ್ರ ಉರುಳುವ ಸದ್ದು ಕೂಡ ಬೇರೆ. ಮಂಜು ಮುಸುಕಿದ ದಿನವೂ ಗಡಿ ಬಂತೆಂದು ನನಗೆ ಸೀಟಿನಲ್ಲೇ ತಿಳಿಯುತ್ತಿತ್ತು. ಪ್ರಯಾಣಿಕರು ಯಾರೂ ಅದನ್ನು ಗಮನಿಸಿದ್ದು ನಾನು ಕಂಡಿಲ್ಲ. ಹತ್ತು ವರ್ಷದ ಮಕ್ಕಳಿರುವ ಮನೆಯವರಿಗೆ ಮಾತ್ರ ಆ ಗಡಿ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು.

ಗಡಿ ದಾಟಿ ಮೂರನೆಯ ಸ್ಟಾಪಿನಲ್ಲಿ ಒಂದು ಶಾಲೆ. ಹಸಿರು ಕೋಟಿನ ಮಕ್ಕಳು. ಕಾಸು ಕೊಟ್ಟು ಓದುವ ಶಾಲೆಯಲ್ಲ, ಸರಕಾರದ್ದೇ. ಆದರೆ ಅದರಲ್ಲಿ ಸೀಟು ಸಿಗಬೇಕಾದರೆ ಅದರ ಹತ್ತಿರ ಮನೆ ಇರಬೇಕು. ಬಂಕಿನ ಈಚೆಗಿದ್ದ ನಮ್ಮ ಬೀದಿಯ ಮಕ್ಕಳು ಹೋಗುವ ಶಾಲೆ ಬೇರೆ ಇತ್ತು. ಅದರ ಎದುರಿನ ಸ್ಟಾಪಿನಲ್ಲಿ ಮಧ್ಯಾಹ್ನ ಬಸ್ಸು ನಿಲ್ಲಿಸುವಾಗ ಡಿಪೋದವರೆಲ್ಲ ಮೊದಲೇ ಕಿಟಕಿ ಮುಚ್ಚಿಸುತ್ತಿದ್ದರು. ಆ ರೂಟಿನಲ್ಲಿ ನಾನು ಓಡಿಸಿದ ಒಂದು ವರ್ಷದಲ್ಲಿ ಎರಡು ಸಲ ನನ್ನ ಬಸ್ಸಿನ ಹಿಂದಿನ ಗಾಜು ಒಡೆದದ್ದುಂಟು. ಅಲ್ಲಿಯೂ ಒಳ್ಳೆಯ ಮಕ್ಕಳಿದ್ದರು, ಪ್ರತಿದಿನ ಇಳಿಯುವಾಗ ಥ್ಯಾಂಕ್ಸ್ ಹೇಳಿ ಹೋಗುವವರೂ ಇದ್ದರು. ಆದರೂ ನನ್ನ ಮಗಳನ್ನು ಅಲ್ಲಿಗೆ ಕಳಿಸುವ ಮನಸ್ಸು ನನಗಿರಲಿಲ್ಲ.

ನಾನು ಓದಿದ್ದು ಏಳನೆಯ ಕ್ಲಾಸು. ಹೈಸ್ಕೂಲು ನಮ್ಮೂರಿಂದ ಏಳು ಮೈಲಿ, ಮನೆಯಲ್ಲಿ ಅಷ್ಟು ದೂರದ ಯೋಚನೆ ಮಾಡುವವರು ಯಾರೂ ಇರಲಿಲ್ಲ. ಕರಾವಳಿಯ ನಮ್ಮ ಕಡೆಯ ಹಲವರ ಹಾಗೆ ಮುಂಬಯಿಗೆ ಹೋದೆ, ಹೋಟೆಲಿನ ಅಡುಗೆಮನೆ ಹೊಕ್ಕೆ. ಅಲ್ಲಿ ಕಲಿತ ಕೈಗುಣವೇ ನನ್ನನ್ನು ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲಿಗೆ ಕರೆತಂದದ್ದು. ಒಂದು ಸಸ್ಯಾಹಾರಿ ಹೋಟೆಲಿಗೆ ದೋಸೆ ಹುಯ್ಯುವವನಾಗಿ ಬಂದೆ. ಎರಡು ವರ್ಷದ ಮೇಲೆ ಹೆಂಡತಿ, ಮಗಳು ಬಂದರು. ಕಾಗದಪತ್ರ ಗಟ್ಟಿಯಾದ ಮೇಲೆ ಬಸ್ಸಿನ ಲೈಸೆನ್ಸಿಗೆ ಕೂತೆ. ಪುಸ್ತಕ ಓದಿ ಬರೆಯುವ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡನ್ನೂ ಮೊದಲ ಸಲಕ್ಕೇ ಪಾಸಾದೆ. ಜೊತೆಗೆ ಕೂತವರಲ್ಲಿ ಕಾಲೇಜು ಓದಿದವರು ಮೂರು ಸಲ ಕೂತರು. ಇದನ್ನು ನಾನು ಎಲ್ಲ ಕಡೆ ಹೇಳಿಕೊಂಡು ಬಂದಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಮಗಳು ಐದನೆಯ ಇಯರ್ ಮುಗಿಸಿ, ಪ್ರೈಮರಿಯ ಕೊನೆಯದಾದ ಆರಕ್ಕೆ ಕಾಲಿಟ್ಟ ಶರತ್ಕಾಲದಲ್ಲಿ ಹಸಿರು ಕೋಟಿನ ಶಾಲೆ ಒಂದು ಸಂಜೆ ತಂದೆತಾಯಿಗಳಿಗೆ ಬಾಗಿಲು ತೆರೆದಿತ್ತು. ಹೋಗಿ ನೋಡಿ ಬರುವ ಎಂದು ಮೂವರೂ ಹೋದೆವು. ವಿಜ್ಞಾನದ ಕೋಣೆಯಲ್ಲಿ ಒಬ್ಬ ಮೇಷ್ಟರು ನನ್ನ ಮಗಳ ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಸಿ, ಕೈಗೆ ಇಕ್ಕಳ ಕೊಟ್ಟು, ಬೆಳ್ಳಿಯ ರಿಬ್ಬನ್ನಿನಂಥ ಒಂದು ತುಂಡನ್ನು ಉರಿಗೆ ಹಿಡಿಸಿದರು. ಕೋಣೆಯೆಲ್ಲ ಬೆಳ್ಳಗಾಯಿತು. ಅವಳು ಬೆಚ್ಚಲಿಲ್ಲ, ಕೈ ಅಲುಗಾಡಿಸಲಿಲ್ಲ. ಕೊನೆಯ ಕಿಡಿ ಆರುವ ತನಕ ಹಿಡಿದೇ ಇದ್ದಳು. ಮೇಷ್ಟರು ನನ್ನ ಕಡೆ ತಿರುಗಿ, ಇವಳಿಗೆ ಒಳ್ಳೆಯ ಕೈ ಇದೆ ಎಂದರು. ನನ್ನನ್ನು ನೋಡಿ ಯಾರಾದರೂ ಹಾಗೆ ಹೇಳಿದ್ದು ದೋಸೆಯ ಕಾವಲಿಯ ಮುಂದೆ ಮಾತ್ರ.

ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಸಂಜೆ ಬಸ್‌ಸ್ಟಾಪಿನಲ್ಲಿ ನಿಂತು ಅವಳಾಗಿಯೇ ಕನ್ನಡದಲ್ಲಿ ಹೇಳಿದಳು:

"ಅಪ್ಪ, ನಂಗೆ ಇದೇ ಸ್ಕೂಲ್ ಬೇಕು. ಪ್ಲೀಸ್ ಅಪ್ಪ."

"ಆಯ್ತು ಮಗಾ" ಎಂದೆ. ಎಷ್ಟು ಸಲೀಸಾಗಿ ಎಂದೆ.

ದಾರಿ ತೋರಿಸಲು ಒಬ್ಬರು ತಾವಾಗಿಯೇ ಮುಂದೆ ಬಂದರು. ಮೈಸೂರು ಕಡೆಯ ಡಾಕ್ಟರು, ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆ. ಕನ್ನಡದವರು ದೀಪಾವಳಿಗೆ ಹಾಲ್ ಹಿಡಿದು ಸೇರುವಾಗ ಅಡುಗೆ ನನ್ನದೇ ಆಗುತ್ತಿತ್ತು, ಹಾಗಾಗಿ ಪರಿಚಯ. ಅವರ ಮನೆ ಆ ಶಾಲೆಯ ಬೆನ್ನಿಗೇ ಇತ್ತು. ಪಾತ್ರೆಯ ಬುಡದಲ್ಲಿ ಉಳಿದ ಬಿಸಿಬೇಳೆಬಾತನ್ನು ಮನೆಗೆ ಕಟ್ಟಿಸಿಕೊಳ್ಳುತ್ತ ಅವರು ಹೇಳಿದರು:

"ಇದ್ರಲ್ಲೇನ್ರೀ ಇದೆ? ಫಾರ್ಮಲ್ಲಿ ನಮ್ಮನೆ ಅಡ್ರೆಸ್ ಹಾಕ್ಬಿಡಿ. ನಮ್ಮ ಜೊತೇಲೇ ಇದಾರೆ ಅಂತ ನಾನೊಂದು ಲೆಟರ್ ಬರ್ಕೊಡ್ತೀನಿ. ಎಲ್ರೂ ಮಾಡೋದೇ."

"ಬೇಡ ಡಾಕ್ಟ್ರೇ."

"ಯಾಕ್ರೀ, ನಮ್ಮನೆ ಅಡ್ರೆಸ್ ಚೆನ್ನಾಗಿಲ್ವಾ?"

"ನಿಮ್ಮನೆ ಚೆನ್ನಾಗಿದೆ. ಅದು ನಿಮ್ಮನೆ."

ಅವರ ಹೆಂಡತಿ ನಕ್ಕರು. ಡಾಕ್ಟರೂ ನಕ್ಕರು. "ಹರಿಶ್ಚಂದ್ರ ಕಣ್ರೀ ನೀವು. ಈ ಊರಲ್ಲಿ ಹರಿಶ್ಚಂದ್ರಂಗೆ ಸ್ಕೂಲ್ ಸಿಗಲ್ಲ" ಎಂದರು. ನನಗೆ ಅವರ ಮೇಲೆ ಸಿಟ್ಟಿರಲಿಲ್ಲ, ಈಗಲೂ ಇಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ನನ್ನ ಮಗಳು ಶಾಲೆಯಲ್ಲಿ ತನ್ನ ಮನೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಇನ್ನೊಬ್ಬರ ಮನೆಯ ಬಾಗಿಲು ತೋರಿಸಬೇಕು ಎನ್ನುವುದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮನೆ ಬೇಕೆಂದರೆ ಮನೆಯನ್ನೇ ಮಾಡುವ, ಅದಕ್ಕೇನು ಎಂದುಕೊಂಡೆ. ಡಿಪೋದ ಡ್ಯೂಟಿ ಪಟ್ಟಿಯಲ್ಲಿ ಸಿಕ್ಕಿದ ಓವರ್‌ಟೈಮನ್ನೆಲ್ಲ ತೆಗೆದುಕೊಂಡೆ. ಬಂಕಿನಾಚೆ, ಶಾಲೆಯಿಂದ ಐದು ನಿಮಿಷದ ನಡಿಗೆಯಲ್ಲಿ ಒಂದು ಫ್ಲಾಟು ಬಾಡಿಗೆಗೆ ಸಿಕ್ಕಿತು. ಮೊದಲ ಮಹಡಿ, ಎರಡು ಕೋಣೆ. ಕೆಳಗೆ ಒಬ್ಬಳು ಗಂಡ ಸತ್ತ ಇಂಗ್ಲಿಷ್ ಮುದುಕಿ ಮತ್ತು ಅವಳ ಸಣ್ಣ ನಾಯಿ.

ಕೌನ್ಸಿಲಿನ ನಿಯಮ ಸರಳ. ಹೊಸ ವರ್ಷದ ಮೊದಲ ವಾರದೊಳಗೆ ಮಗು ಆ ವಿಳಾಸದಲ್ಲಿ ವಾಸ ಇರಬೇಕು, ಅಷ್ಟಾದರೆ ಅರ್ಜಿಗೆ ಆ ವಿಳಾಸವೇ ಲೆಕ್ಕ. ನಮಗೆ ಬೇಕಾದಷ್ಟು ಸಮಯವಿತ್ತು. ಆದರೆ ಮನೆಯ ಮಾಲೀಕ ಬಣ್ಣ ಹೊಡೆಸುತ್ತೇನೆ, ಬಾಯ್ಲರ್ ರಿಪೇರಿ ಮಾಡಿಸುತ್ತೇನೆ ಎಂದು ಕೀಲಿ ಕೊಡುವುದನ್ನು ಎಳೆದ. ಕೀಲಿ ಕೈಗೆ ಬಂದ ದಿನ ಊರಿಂದ ತರಿಸಿದ್ದ ಪಂಚಾಂಗ ತೆರೆದು ನೋಡಿದೆ. ಧನು ಸಂಕ್ರಮಣಕ್ಕೆ ಎರಡೇ ದಿನ ಉಳಿದಿತ್ತು.

ಧನುರ್ಮಾಸದಲ್ಲಿ ನಮ್ಮಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಮಕರ ಸಂಕ್ರಾಂತಿ ಕಳೆಯಬೇಕು. ಬಿಟ್ಟರೆ ಆಟಿ ತಿಂಗಳು, ಘಟ್ಟದ ಮೇಲಿನವರ ಆಷಾಢದ ಹಾಗೆ ಮಳೆಗಾಲದ್ದು, ಅದರಲ್ಲೂ ಇಲ್ಲ. ಇದನ್ನು ನಂಬದವರು ಬೇಕಾದಷ್ಟು ಜನ, ನಂಬದೆಯೂ ಸುಖವಾಗಿಯೇ ಇದ್ದಾರೆ. ನಾನೂ ಒಮ್ಮೆ ನಂಬದವನಾಗಿದ್ದೆ. ಹೆಂಡತಿ, ಮಗಳು ಊರಿಂದ ಬಂದಾಗ ಬಂಕಿನ ಈಚೆಯ ಆ ಹಳೆಯ ಮನೆಗೆ ಒಕ್ಕಲಾದದ್ದು ಆಟಿಯಲ್ಲಿ. ಅಮ್ಮ ಫೋನಿನಲ್ಲಿ ಬೇಡವೆಂದಿದ್ದಳು. ಇದು ಇಂಗ್ಲೆಂಡ್ ಅಮ್ಮ, ಇಲ್ಲಿ ಆಟಿಯೂ ಇಲ್ಲ ಎಂಥದೂ ಇಲ್ಲ ಎಂದು ನಾನು ನಕ್ಕಿದ್ದೆ. ವರ್ಷ ತುಂಬುವ ಮೊದಲೇ, ಹೆಂಡತಿಗೆ ಆರು ತಿಂಗಳು ತುಂಬಿದ ಮೇಲೆ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಗಂಡು ಮಗು. ಆಸ್ಪತ್ರೆಯವರು ಬಿಳಿ ಬಟ್ಟೆಯಲ್ಲಿ ಸುತ್ತಿ ಒಂದು ಸಲ ನನ್ನ ಕೈಗೆ ಕೊಟ್ಟರು. ಅದರ ಬಗ್ಗೆ ನಾನು ಯಾರ ಹತ್ತಿರವೂ ಮಾತಾಡಿದವನಲ್ಲ. ಹೆಂಡತಿ ಆ ಮನೆಯನ್ನಾಗಲಿ ನನ್ನನ್ನಾಗಲಿ ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದದ್ದರಿಂದ ನಾನೇ ಅಂದುಕೊಂಡೆ.

ಹಾಗಾಗಿ ಆ ಎರಡು ದಿನದಲ್ಲಿ ಆಗುವುದನ್ನು ಮಾಡಿದೆ. ಸಂಕ್ರಮಣಕ್ಕೆ ಮೊದಲು ಹೊಸ ಫ್ಲಾಟಿನಲ್ಲಿ ಹಾಲು ಉಕ್ಕಿಸಿದೆವು. ಸ್ಟೌವಿನ ಎದುರು ಹೆಂಡತಿ ರಂಗೋಲಿ ಹಾಕಿದಳು, ಮಗಳು ಶಾಲೆಯ ಬ್ಯಾಗು ಹೊತ್ತುಕೊಂಡೇ ಬಲಗಾಲಿಟ್ಟು ಒಳಗೆ ಬಂದಳು. ಹಾಲು ಮೂಡು ದಿಕ್ಕಿಗೆ ಉಕ್ಕಿತು. ಮಗಳು ಚಪ್ಪಾಳೆ ತಟ್ಟಿದಳು. ಕ್ರಮದಂತೆ ಆ ರಾತ್ರಿ ಮೂವರೂ ಅಲ್ಲಿಯೇ ಚಾಪೆ ಹಾಸಿ ಮಲಗಿದೆವು. ಮರುದಿನ ನನಗೆ ಶಿಫ್ಟು. ಮಂಚ, ಬೀರು, ಗ್ರೈಂಡರು, ದೇವರ ಪೆಟ್ಟಿಗೆ ಇವನ್ನೆಲ್ಲ ಸಾಗಿಸಲು ವ್ಯಾನೂ ಸಿಗಲಿಲ್ಲ, ಸಮಯವೂ ಸಿಗಲಿಲ್ಲ. ಧನುರ್ಮಾಸ ಹಿಡಿಯಿತು. ಹಳೆಯ ಮನೆಯನ್ನು ಜನವರಿ ಕೊನೆಯ ತನಕ ಇಟ್ಟುಕೊಳ್ಳುತ್ತೇವೆಂದು ಹೇಳಿಯೂ ಆಗಿತ್ತು.

ಹೆಂಡತಿ ಹೇಳಿದಳು, "ಹಾಲು ಉಕ್ಕಿಸಿ ಆಯ್ತಲ್ಲ. ಇನ್ನು ಎಂತದ್ದು? ನಾಲ್ಕು ಚಾಪೆ, ಎರಡು ಪಾತ್ರೆ ತಕೊಂಡು ಹೋಗಿ ಇರುವ. ಸಾಮಾನು ಮತ್ತೆ ಬರ್ಲಿ."

"ಆಗುದಿಲ್ಲ. ಒಲೆ, ಹಾಸಿಗೆ, ದೇವರು, ಈ ಮೂರು ಧನುರ್ಮಾಸದಲ್ಲಿ ಹೊಸಿಲು ದಾಟ್ಲಿಕ್ಕೆ ಇಲ್ಲ."

"ಕೌನ್ಸಿಲಿನವರು ಕೇಳಿದ್ರೆ?"

"ಕೇಳ್ಲಿ. ನಮ್ಮ ಮನೆ ಅಲ್ವಾ ಅದು? ಹಾಲು ಉಕ್ಕಿದೆ, ಮಲಗಿದ್ದೇವೆ, ದೀಪ ಇಡ್ತೇನೆ. ಸಾಮಾನು ಹೊರುದೊಂದೇ ಬಾಕಿ."

ಅವಳು ನನ್ನ ಮುಖ ನೋಡಿದಳು. ಯಾವುದರ ಹೆದರಿಕೆ ಎಂದು ಅವಳಿಗೆ ಗೊತ್ತಿತ್ತು.

ವಿಳಾಸ ಬದಲಾದದ್ದನ್ನು ತಿಳಿಸುವ ಫಾರ್ಮು ತುಂಬಿದೆ. ಬಾಡಿಗೆಯ ಕರಾರು, ಹೊಸ ಮನೆಯ ಕೌನ್ಸಿಲ್ ಟ್ಯಾಕ್ಸಿನ ಕಾಗದ ಸೇರಿಸಿದೆ. ಮಗು ಈ ವಿಳಾಸದಲ್ಲಿ ವಾಸವಾಗಿದೆ ಎಂದು ಬರೆದಿದ್ದಲ್ಲಿ ಸಹಿ ಹಾಕಿದೆ. ಸಹಿ ಹಾಕುವಾಗ ಒಂದಿಷ್ಟೂ ಅಳುಕಲಿಲ್ಲ. ಹಾಲು ಉಕ್ಕಿಸಿದ ಮನೆಯಲ್ಲಿ ನಾವು ವಾಸವಿಲ್ಲ ಎಂದರೆ ಮತ್ತೆಲ್ಲಿ ವಾಸವಿದ್ದೇವೆ? ಹಳೆಯ ಮನೆಯಲ್ಲಿ ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು, ನಿಜ. ಅದು ಬಿಟ್ಟು ಹೊರಟ ಮನೆ. ಹೊರಟವರು ತಿಂಗಳು ಕಾದು ಹೋಗುವುದು ನನ್ನ ಲೆಕ್ಕದಲ್ಲಿ ಸುಳ್ಳಾಗಿರಲಿಲ್ಲ. ಇಪ್ಪತ್ತು ವರ್ಷ ಆಗುತ್ತ ಬಂತು, ಆ ಸಹಿಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಮತ್ತೆ ಹಾಕಿ ನೋಡಿದ್ದೇನೆ. ಈಗಲೂ ಕೈ ಹಿಂದೆ ಬರುವುದಿಲ್ಲ, ಅದೇ ನನ್ನ ತೊಂದರೆ.

ದಿನಾ ಸಂಜೆ ಎರಡು ಟ್ರಿಪ್ಪಿನ ನಡುವೆ ನನಗೆ ಇಪ್ಪತ್ತು ನಿಮಿಷದ ಬಿಡುವಿತ್ತು. ಡ್ರೈವರನ ಉಡುಪಿನಲ್ಲೇ ಓಡಿಹೋಗಿ ಫ್ಲಾಟಿನ ಬಾಗಿಲು ತೆಗೆದು, ಅಡುಗೆಮನೆಯ ಕಟ್ಟೆಯ ಮೇಲೆ ದೀಪ ಹಚ್ಚಿ, ಒಂದು ಬಾಳೆಹಣ್ಣು ಇಟ್ಟು ಕೈಮುಗಿದು, ಬತ್ತಿ ಆರುವ ತನಕ ನಿಂತು ಬೀಗ ಹಾಕಿ ಬರುತ್ತಿದ್ದೆ. ಒಕ್ಕಲಾದ ಮನೆಯನ್ನು ಕತ್ತಲಲ್ಲಿ ಬಿಡಬಾರದಲ್ಲ. ಮೆಟ್ಟಿಲಲ್ಲಿ ಮುದುಕಿ ಸಿಕ್ಕಿದರೆ ಹವಾಮಾನದ ಎರಡು ಮಾತು. ನಾಯಿ ನನ್ನ ಬೂಟು ಮೂಸುತ್ತಿತ್ತು.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ನಾನು ದೀಪ ಹಚ್ಚಿ ನಿಂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಕುತ್ತಿಗೆಗೆ ಗುರುತಿನ ಕಾರ್ಡು ನೇತುಹಾಕಿಕೊಂಡ ಹೆಂಗಸು. ಕೌನ್ಸಿಲಿನ ಶಾಲಾ ವಿಭಾಗದವಳು. ಮೊದಲು ಎರಡು ಸಲ ಬಂದಿದ್ದಳಂತೆ, ಯಾರೂ ಇರಲಿಲ್ಲವಂತೆ. ಮರ್ಯಾದೆಯ ಹೆಂಗಸು, ಬೂಟು ಬಿಚ್ಚಬೇಕೇ ಎಂದು ಅವಳೇ ಕೇಳಿದಳು. ನನಗೆ ಖುಷಿಯೇ ಆಯಿತು. ಬನ್ನಿ ಬನ್ನಿ ಎಂದು ಒಳಗೆ ಕರೆದೆ. ಅಡುಗೆಮನೆ ತೋರಿಸಿದೆ, ಹಾಲಿನ ಪಾತ್ರೆ ತೋರಿಸಿದೆ, ದೀಪ ತೋರಿಸಿದೆ. ಅವಳು ಎಲ್ಲವನ್ನೂ ನೋಡಿದಳು. ಆಮೇಲೆ ಕೇಳಿದಳು:

"ನಿಮ್ಮ ಮಗಳ ಕೋಣೆ?"

ಬಾಗಿಲು ತೆರೆದೆ. ಹೊಸ ಬಣ್ಣದ ವಾಸನೆ. ನೆಲ, ಗೋಡೆ, ಕಿಟಕಿ, ಇನ್ನೇನೂ ಇಲ್ಲ. ಆ ಖಾಲಿ ಕೋಣೆಯನ್ನು ನಾನು ಅದುವರೆಗೆ ಖಾಲಿ ಎಂದು ನೋಡಿಯೇ ಇರಲಿಲ್ಲ. ಇಲ್ಲಿ ಮೇಜು, ಅಲ್ಲಿ ಮಂಚ ಎಂದು ಮಗಳು ಬೆರಳಿಟ್ಟು ತೋರಿಸಿದ್ದೇ ನನಗೆ ಕಾಣುತ್ತಿತ್ತು.

"ಅವಳ ಬಟ್ಟೆ ಎಲ್ಲಿದೆ?"

"ಆ ಮನೆಯಲ್ಲಿ. ಸಂಕ್ರಾಂತಿಯ ಮರುದಿನ ತರುತ್ತೇವೆ."

"ಅಂದರೆ ನೀವಿನ್ನೂ ಇಲ್ಲಿ ವಾಸಕ್ಕೆ ಬಂದಿಲ್ಲ."

"ಬಂದಿದ್ದೇವೆ. ಇದು ನಮ್ಮ ಮನೆ."

"ನಿನ್ನೆ ರಾತ್ರಿ ಅವಳು ಎಲ್ಲಿ ಮಲಗಿದ್ದಳು?"

ಬೇರೆ ಯಾರಾದರೂ ಆಗಿದ್ದರೆ ಇಲ್ಲೇ ಎನ್ನುತ್ತಿದ್ದರು. ಚಾಪೆ ಮಡಚಿಟ್ಟಿದ್ದೇವೆ, ಬಟ್ಟೆ ಒಗೆಯಲು ಕೊಟ್ಟಿದ್ದೇವೆ ಎಂದು ಏನಾದರೂ ಹೇಳುತ್ತಿದ್ದರು. ನಾನು ಇದ್ದದ್ದನ್ನು ಹೇಳಿದೆ. ಅವಳು ಬರೆದುಕೊಂಡಳು. ದೀಪದ ಎದುರಿನ ಬಾಳೆಹಣ್ಣು ಕೊಡಹೋದೆ. ಕೆಲಸದ ಮೇಲೆ ಬಂದಾಗ ಏನೂ ತೆಗೆದುಕೊಳ್ಳುವ ಹಾಗಿಲ್ಲ, ಕ್ಷಮಿಸಿ ಎಂದಳು. ನನ್ನ ಬಸ್ಸಿಗೆ ಹೊತ್ತಾಗಿತ್ತು. ಇಬ್ಬರೂ ಒಟ್ಟಿಗೆ ಮೆಟ್ಟಿಲಿಳಿದೆವು.

ಸಂಕ್ರಾಂತಿ ಕಳೆದು ಮರುದಿನ ಡಿಪೋದ ಗೆಳೆಯನ ವ್ಯಾನು ತಂದು ಎಲ್ಲ ಸಾಗಿಸಿದೆವು. ಮಗಳ ಮೇಜು ಅವಳು ಹೇಳಿದ್ದ ಜಾಗಕ್ಕೇ ಬಂತು. ಮುದುಕಿ ಒಂದು ಕೇಕು ಮಾಡಿ ತಂದಳು. ಬಾಗಿಲಲ್ಲೇ ನಿಂತು, "ನಿಮ್ಮ ಬಗ್ಗೆ ವಿಚಾರಿಸಿಕೊಂಡು ಒಬ್ಬಳು ಬಂದಿದ್ದಳು. ಎಂಥ ಒಳ್ಳೆಯ ಮನುಷ್ಯ, ದಿನಾ ಸಂಜೆ ಹತ್ತು ನಿಮಿಷ ಬಂದು ಮೇಣದಬತ್ತಿ ಹಚ್ಚಿ ಹೋಗುತ್ತಾನೆ, ಒಂದು ದಿನವೂ ತಪ್ಪಿಸಿಲ್ಲ ಎಂದು ಹೇಳಿದ್ದೇನೆ" ಎಂದಳು. ನನ್ನ ಭುಜ ತಟ್ಟಿದಳು. ನಾನು ಕೇಕಿಗೆ ಥ್ಯಾಂಕ್ಸ್ ಹೇಳಿದೆ. ಅವಳು ಸಾಯುವ ತನಕ ನಾನು ಅವಳಿಗೆ ಆ ಮಾತಿನಿಂದ ಏನಾಯಿತೆಂದು ತಿಳಿಸಲಿಲ್ಲ.

ಫೆಬ್ರವರಿಯಲ್ಲಿ ಪತ್ರ ಬಂತು. ನಿಗದಿಯಾದ ದಿನದಂದು ಮಗು ಈ ವಿಳಾಸದಲ್ಲಿ ವಾಸವಿರಲಿಲ್ಲ. ಶಾಲೆಯ ಸೀಟಿಗಾಗಿ ಮಾತ್ರ ತೋರಿಸಿದ ವಿಳಾಸ ಇದೆಂದು ನಾವು ಭಾವಿಸುತ್ತೇವೆ. ಅರ್ಜಿಯನ್ನು ಹಳೆಯ ವಿಳಾಸದ ಮೇಲೆ ಪರಿಗಣಿಸಲಾಗುವುದು. ಮಗಳೇ ಓದಿ ಹೇಳಿದಳು. ನನಗೆ ಓದಲು ಬರುತ್ತಿತ್ತು, ಆದರೆ ಲಕೋಟೆ ಅವಳ ಕೈಗೆ ಮೊದಲು ಸಿಕ್ಕಿತ್ತು. ಮಾರ್ಚಿನಲ್ಲಿ ಅವಳಿಗೆ ಸಿಕ್ಕಿದ್ದು ಬಂಕಿನ ಈಚೆಯ ಶಾಲೆ, ಗಾಜು ಒಡೆಯುವ ಶಾಲೆ. ಅದೇ ವಾರ ಡಾಕ್ಟರ ವಿಳಾಸ ಬರೆದಿದ್ದ ಇನ್ನೊಂದು ಕುಟುಂಬದ ಹುಡುಗನಿಗೆ ಹಸಿರು ಕೋಟಿನ ಶಾಲೆಯೇ ಸಿಕ್ಕಿತು. ಕಂಪ್ಯೂಟರ್ ಕೆಲಸದವರು, ಊರಿನ ಇನ್ನೊಂದು ತುದಿಯವರು. ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ ಅವರು ಪೆಟ್ಟಿಗೆಯಲ್ಲಿ ಪೇಡ ತಂದು ಎಲ್ಲರಿಗೂ ಹಂಚಿದರು. ನನಗೂ ಕೊಟ್ಟರು. ತಿಂದೆ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಅಪೀಲ್ ಮಾಡಿ. ನಾನೂ ಬರ್ತೀನಿ, ನಾಲ್ಕು ಮಾತು ಹೇಳ್ತೀನಿ. ನಿಮಗೆ ಇಂಗ್ಲಿಷ್ ಸ್ವಲ್ಪ..."

"ಇಂಗ್ಲಿಷ್ ಬರುತ್ತೆ ಡಾಕ್ಟ್ರೇ. ಬಸ್ಸು ತುಂಬ ಇಂಗ್ಲಿಷಿನವರನ್ನೇ ಕೂರಿಸ್ಕೊಂಡು ಹೋಗೋದು."

ಆ ಮಾತು ಆಡಬಾರದಿತ್ತು.

ಅಪೀಲಿನ ವಿಚಾರಣೆ ನಡೆದದ್ದು ಮೇ ತಿಂಗಳಲ್ಲಿ, ಕೌನ್ಸಿಲ್ ಕಟ್ಟಡದ ಕಾರ್ಪೆಟ್ಟು ಹಾಸಿದ ಒಂದು ಕೋಣೆಯಲ್ಲಿ. ಮೇಜಿನ ಆಚೆ ಮೂವರು, ನಡುವೆ ಬಿಳಿಕೂದಲಿನ ಹೆಂಗಸು, ಅವಳೇ ಅಧ್ಯಕ್ಷೆ. ಒಂದು ಬದಿಗೆ ಕೌನ್ಸಿಲಿನ ಪರವಾಗಿ ಒಬ್ಬ ಯುವಕ. ಈಚೆ ನಾನು, ಹೆಂಡತಿ. ನಾನು ಮದುವೆಗೆ ಹೊಲಿಸಿದ್ದ ಸೂಟು ಹಾಕಿದ್ದೆ, ಕೈಯಲ್ಲಿ ಪಂಚಾಂಗ. ಯುವಕ ಓದಿದ. ಎರಡು ಭೇಟಿಯಲ್ಲಿ ಉತ್ತರವಿಲ್ಲ. ಮೂರನೆಯದರಲ್ಲಿ ತಂದೆ ಮಾತ್ರ. ಹಾಸಿಗೆ ಇಲ್ಲ, ಬಟ್ಟೆ ಇಲ್ಲ, ಫ್ರಿಜ್ಜಿನಲ್ಲಿ ಆಹಾರ ಇಲ್ಲ. ನೆರೆಮನೆಯವರ ಹೇಳಿಕೆಯಂತೆ ಬಾಡಿಗೆದಾರ ದಿನಕ್ಕೆ ಹತ್ತು ನಿಮಿಷ ಬಂದು ಹೋಗುತ್ತಾನೆ. ಎಲ್ಲವೂ ನಿಜ.

ನಾನು ಪಂಚಾಂಗ ತೆರೆದು ಧನುರ್ಮಾಸ ತೋರಿಸಿದೆ. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಹಾಳೆಗಳನ್ನು ಮೆಲ್ಲಗೆ ತಿರುವಿದಳು. ತಲೆಕೆಳಗಾಗಿ ಹಿಡಿದಿದ್ದಳು, ನಾನು ಹೇಳಲಿಲ್ಲ.

"ಇದು ನಿಮ್ಮ ಧರ್ಮದ ಕಡ್ಡಾಯವೇ? ಅಥವಾ ಕೆಲವರು ಪಾಲಿಸುತ್ತಾರೆ, ಕೆಲವರು ಇಲ್ಲ, ಹಾಗೆಯೇ?"

"ಪದ್ಧತಿ."

"ಮೊದಲ ಮನೆಗೆ ಬಂದಾಗಲೂ ಇದನ್ನು ಪಾಲಿಸಿದ್ದಿರಾ?"

ಅವಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಬಾಗಿಲು ತೆರೆದು ಹಿಡಿದದ್ದು ಅದು. ಆಗ ಪಕ್ಕದಿಂದ ಹೆಂಡತಿ ಕನ್ನಡದಲ್ಲೇ, ತಗ್ಗಿದ ದನಿಯಲ್ಲಿ ಹೇಳಿದಳು:

"ಮಗು ಹೋದದ್ದು ಹೇಳಿ. ಆಟಿಯಲ್ಲಿ ಒಕ್ಕಲಾದದ್ದು, ಮತ್ತೆ ಮಗು ಹೋದದ್ದು, ಎಲ್ಲ ಹೇಳಿ. ಅವರೂ ಹೆಂಗಸಲ್ವಾ, ಅರ್ಥ ಆಗ್ತದೆ."

ಅಧ್ಯಕ್ಷೆ ಅವಳ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ನಿಮ್ಮ ಹೆಂಡತಿ ಏನು ಹೇಳುತ್ತಿದ್ದಾರೆ?"

"ಇದು ನಮ್ಮ ಹಿರಿಯರಿಂದ ಬಂದ ಪದ್ಧತಿ ಎನ್ನುತ್ತಿದ್ದಾಳೆ" ಎಂದೆ.

ಅಷ್ಟು ಇಂಗ್ಲಿಷ್ ನನ್ನ ಹೆಂಡತಿಗೆ ಬರುತ್ತಿತ್ತು. ಅವಳು ನನ್ನ ಕಡೆ ತಿರುಗಲಿಲ್ಲ. ಮೇಜಿನ ಮೇಲೆ ಇಟ್ಟಿದ್ದ ನೀರಿನ ಲೋಟವನ್ನು ಒಂದು ಬೆರಳಷ್ಟು ದೂರ ಸರಿಸಿದಳು, ಅಷ್ಟೆ.

ಯಾಕೆ ಹಾಗೆ ಮಾಡಿದೆ ಎಂದು ಕೇಳಿಕೊಂಡರೆ ಆಗ ನನಗೆ ನಾನೇ ಕೊಟ್ಟ ಉತ್ತರ ಒಂದಿತ್ತು. ಒಂದು ಸೀಟಿಗೋಸ್ಕರ ಆ ಮಗುವನ್ನು ಅಪರಿಚಿತರ ಎದುರು ಸಾಕ್ಷಿಗೆ ಕರೆಯಬಾರದು ಎಂದು. ಕೇಳಲು ಚೆನ್ನಾಗಿದೆ. ಅದು ಅರ್ಧ. ಇನ್ನರ್ಧ, ಆ ಮೂವರು ನನ್ನನ್ನು ಮೂಢ ಎಂದುಕೊಂಡಾರು ಎಂಬುದು. ಏಳನೆಯ ಕ್ಲಾಸಿನವನು, ತಿಂಗಳು ನೋಡಿ ಹೆದರುವವನು, ತನ್ನ ಮಗು ಹೋದದ್ದಕ್ಕೆ ಕ್ಯಾಲೆಂಡರಿನಲ್ಲಿ ಕಾರಣ ಹುಡುಕುವವನು. ಅಮ್ಮನ ಮಾತಿಗೆ ನಕ್ಕ ನನ್ನ ಸೊಕ್ಕೇ ಅದಕ್ಕೆ ಕಾರಣ ಎಂದು ಇಂಗ್ಲಿಷಿನಲ್ಲಿ, ಸೂಟು ಹಾಕಿಕೊಂಡು, ಬಾಯಿಬಿಟ್ಟು ಹೇಳಬೇಕಿತ್ತು. ಹೆಂಡತಿ ತನ್ನ ಅತಿ ದೊಡ್ಡ ನೋವನ್ನು ಮಗಳಿಗಾಗಿ ಮೇಜಿನ ಮೇಲೆ ಇಟ್ಟಳು. ನಾನು ಅದನ್ನು ತೆಗೆದು ಕಿಸೆಗೆ ಹಾಕಿಕೊಂಡೆ.

ಅಪೀಲು ಬಿದ್ದುಹೋಯಿತು. ಹೇಳಿದ್ದರೆ ಗೆಲ್ಲುತ್ತಿತ್ತೇ, ಗೊತ್ತಿಲ್ಲ. ಗೆಲ್ಲದೆಯೂ ಇರಬಹುದು. ಗೊತ್ತಿಲ್ಲದ್ದೇ ಈಗ ನನಗೆ ಉಳಿದಿರುವುದು.

ಸೆಪ್ಟೆಂಬರಿನಿಂದ ಮಗಳು ಕಪ್ಪು ಸ್ವೆಟರು ಹಾಕಿಕೊಂಡು ಬೆಳಿಗ್ಗೆ ಏಳೂ ಮುಕ್ಕಾಲಿಗೆ ಹೊರಡುತ್ತಿದ್ದಳು. ಫ್ಲಾಟಿನ ಕರಾರು ಒಂದು ವರ್ಷದ್ದು, ಆಮೇಲೂ ನಾನು ಬಿಡಲಿಲ್ಲ. ಬಿಟ್ಟು ಹಿಂದೆ ಹೋದರೆ ಕೌನ್ಸಿಲ್ ಹೇಳಿದ್ದೇ ಸರಿಯಾಗುತ್ತದೆ ಎಂಬ ಹಟ. ಆ ಹಟದ ದುಡಿಮೆಯನ್ನೂ ಅವಳೇ ಮಾಡಿದಳು. ನಮ್ಮ ಬೀದಿಯಿಂದ ಹಸಿರು ಕೋಟಿನ ಮಕ್ಕಳು ಗುಂಪುಗುಂಪಾಗಿ ಶಾಲೆಯ ಕಡೆ ನಡೆಯುವಾಗ ಇವಳೊಬ್ಬಳು ಎದುರು ದಿಕ್ಕಿಗೆ, ಅವರಿಗೆ ದಾರಿ ಬಿಡುತ್ತ, ಬಸ್‌ಸ್ಟಾಪಿಗೆ. ಎರಡು ಬಸ್ಸು ಹಿಡಿಯಬೇಕಿತ್ತು. ಮೊದಲನೆಯದು ವಾರಕ್ಕೆ ಮೂರು ದಿನ ನನ್ನದೇ. ಶಾಲೆ ದೂರವೆಂದು ಅವಳಿಗೆ ಕೌನ್ಸಿಲಿನಿಂದ ಪುಕ್ಕಟೆ ಪಾಸು ಬಂದಿತ್ತು. ಮೊದಲ ದಿನ ಎಲ್ಲರ ಹಾಗೆ ನನ್ನ ಎದುರು ಹಿಡಿದು ತೋರಿಸಿದಳು. ನೋಡಬೇಕಾಗಿರಲಿಲ್ಲ, ಆದರೂ ನೋಡಿದೆ. ಪಾಸಿನ ಮೇಲೆ ನಮ್ಮ ಫ್ಲಾಟಿನ ವಿಳಾಸವಿತ್ತು. ನಾವಿಲ್ಲಿ ವಾಸವಿಲ್ಲ ಎಂದ ಕೌನ್ಸಿಲೇ ಅಚ್ಚು ಹಾಕಿ ಕೊಟ್ಟದ್ದು.

"ಥ್ಯಾಂಕ್ಸ್ ಡ್ರೈವರ್" ಎಂದು ಬಸ್ಸಿನ ಮೇಲಿನ ಮಹಡಿಗೆ ಹತ್ತಿ ಹೋದಳು. ತಮಾಷೆಗೆ ಎಂದುಕೊಂಡೆ. ವಾರವಿಡೀ ಹಾಗೆಯೇ ಎಂದಳು.

ಆ ಶಾಲೆ ನಾನು ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ನಾನು ಆಸೆಪಟ್ಟಷ್ಟು ಒಳ್ಳೆಯದೂ ಆಗಿರಲಿಲ್ಲ. ಮೊದಲ ವರ್ಷ ವಿಜ್ಞಾನಕ್ಕೆ ನಾಲ್ಕು ಮೇಷ್ಟರು ಬದಲಾದರು. ಬೆಳ್ಳಿಯ ರಿಬ್ಬನ್ ಉರಿಸಿದರೇ ಎಂದು ಒಮ್ಮೆ ಕೇಳಿದೆ. ಅವರು ಬೆಂಕಿ ಹಚ್ಚಲು ಬಿಡುವುದಿಲ್ಲ ಎಂದಳು ಇಂಗ್ಲಿಷಿನಲ್ಲಿ. ಮನೆಯಲ್ಲಿ ಅವಳ ಕನ್ನಡ ಕಡಿಮೆಯಾಗುತ್ತ ಬಂತು. ಅಮ್ಮನ ಜೊತೆ ಒಂದೊಂದು ಮಾತು, ನನ್ನ ಜೊತೆ ಅದೂ ಇಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಹಸಿರು ಕೋಟಿನ ಶಾಲೆಯಿಂದ ಪತ್ರ ಬಂತು. ಕಾಯುವ ಪಟ್ಟಿಯಲ್ಲಿ ನಮ್ಮ ಹೆಸರಿತ್ತು, ಒಂದು ಸೀಟು ಖಾಲಿಯಾಗಿದೆ, ಹತ್ತು ದಿನದಲ್ಲಿ ತಿಳಿಸಿ ಎಂದು. ನಾನು ಬಾಗಿಲಲ್ಲೇ ಎರಡು ಸಲ ಓದಿದೆ. ಊಟಕ್ಕೆ ಕೂತಾಗ ಅವಳ ತಟ್ಟೆಯ ಪಕ್ಕದಲ್ಲಿಟ್ಟೆ. ಓದಿದಳು. ಮಡಚಿ ನನ್ನ ಕಡೆ ಸರಿಸಿದಳು.

"ನೋ ಥ್ಯಾಂಕ್ಸ್." ಬೀದಿಯಲ್ಲಿ ಕರಪತ್ರ ಹಂಚುವವರಿಗೆ ಹೇಳುವ ಹಾಗೆ.

"ಯಾಕೆ ಮಗಾ? ನೀನೇ ಅಲ್ವಾ ಬೇಕು ಅಂದದ್ದು?"

ಅವಳು ಇಂಗ್ಲಿಷಿನಲ್ಲೇ ಮಾತಾಡಿದಳು, ನಿಧಾನವಾಗಿ, ನನಗೆ ಒಂದು ಪದವೂ ತಪ್ಪದ ಹಾಗೆ. "ಅಲ್ಲಿ ನನ್ನ ಹೆಸರಿನ ಫೈಲ್ ಇರುತ್ತೆ ಅಪ್ಪ. ಅದರಲ್ಲಿ ನಾವು ಸುಳ್ಳು ಹೇಳಿದ್ದೇವೆ ಅಂತ ಬರೆದಿರುತ್ತೆ. ಅವರು ದೊಡ್ಡ ಮನಸ್ಸು ಮಾಡಿ ಕೂರಿಸಿಕೊಂಡ ಹಾಗೆ ನಾನು ದಿನಾ ಕೂರಬೇಕು."

"ನಾವು ಸುಳ್ಳು ಹೇಳ್ಲಿಲ್ಲ."

"ಗೊತ್ತು. ನಿಜ ಹೇಳಿದ್ದೀರಿ. ಒಂದನ್ನು ಬಿಟ್ಟು." ಅವಳು ಅಮ್ಮನ ಕಡೆ ನೋಡಿದಳು. "ಅಮ್ಮ ನನಗೆ ಹೇಳಿದ್ದಾಳೆ. ತಮ್ಮನ ಬಗ್ಗೆ. ನೀವು ಅಲ್ಲಿ ಹೇಳಬಹುದಿತ್ತು."

ತಮ್ಮ ಎನ್ನುವುದನ್ನು ಮಾತ್ರ ಕನ್ನಡದಲ್ಲಿ ಹೇಳಿದಳು. ನಮ್ಮ ಮನೆಯಲ್ಲಿ ಅವನಿಗೆ ಆ ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರಿಬ್ಬರೂ ಯಾವಾಗ ಕೂತು ಅವನ ಬಗ್ಗೆ ಮಾತಾಡಿದರೋ, ಎಷ್ಟು ಸಲ ಮಾತಾಡಿದರೋ. ನಾನು ಅನ್ನ ಕಲಸುತ್ತಲೇ ಇದ್ದೆ. ಒತ್ತಾಯ ಮಾಡಬಹುದಿತ್ತು, ತಂದೆಯಲ್ಲವೇ. ಯಾವ ಮುಖದಿಂದ?

ಅವಳು ಎದ್ದು ಹೋದ ಮೇಲೆ ಹೆಂಡತಿ ತಟ್ಟೆ ಎತ್ತುತ್ತ, "ನಿಮ್ದೇ ಮಗಳು" ಎಂದಳು. ಹಂಗಿಸಿದ್ದೂ ಅಲ್ಲ, ಹೊಗಳಿದ್ದೂ ಅಲ್ಲ.

ಬೇಡವೆಂದು ಬರೆಯುವ ಪತ್ರವನ್ನು ನಾನೇ ಬರೆದೆ. ಮೂರು ಸಾಲು. ಸಹಿಯ ಕೆಳಗೆ ವಿಳಾಸ ಬರೆಯಬೇಕಿತ್ತು, ಬರೆದೆ. ಮರುದಿನ ಬೆಳಿಗ್ಗೆ ಡಿಪೋಗೆ ಹೋಗುವ ದಾರಿಯಲ್ಲಿ ಪೋಸ್ಟ್ ಡಬ್ಬಿಗೆ ಹಾಕಿದೆ. ಎಂಟಕ್ಕೆ ಸ್ವಲ್ಪ ಮೊದಲು ನಮ್ಮ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದಾಗ ಮಂಜು ಇತ್ತು. ಅವಳು ಹತ್ತಿದಳು, ಪಾಸು ತೋರಿಸಿದಳು, ಮೇಲಕ್ಕೆ ಹೋದಳು. ನನ್ನ ತಲೆಯ ಮೇಲೆ ಮಹಡಿಯನ್ನು ತೋರಿಸುವ ಸಣ್ಣ ಕನ್ನಡಿಯೊಂದಿದೆ. ಅದರಲ್ಲಿ ಅವಳು ಎಲ್ಲಕ್ಕಿಂತ ಮುಂದಿನ ಸೀಟಿಗೆ ಹೋಗುವುದು, ಬ್ಯಾಗು ಇಳಿಸುವುದು, ಕಿಟಕಿಯ ಮಂಜನ್ನು ತೋಳಿನಿಂದ ಒರೆಸುವುದು ಕಂಡಿತು. ಹಿಂದೆ ಒಂದು ಕಾರು ಹಾರ್ನ್ ಮಾಡಿತು. ಅವಳು ಕೂತ ಮೇಲೆಯೇ ಬ್ರೇಕು ಬಿಟ್ಟೆ.